ಚಿತ್ರಕಥೆಗೆ ನಮ್ಮ ಸಂಘಗಳಲ್ಲಿ ಎಡೆಯಿಲ್ಲವೇ?

ಶಹಾಡ್ ಎಂದರೆ ಎಲ್ಲಿ ಎಂದು ಊರಿನ ಕಡೆಯ ನೆಂಟರು ಈಗಲೂ ಕೇಳುತ್ತಾರೆ. ಕಲ್ಯಾಣದ ಬಳಿ ಎಂದರೆ ಕೆಲವರು ಬಸವಕಲ್ಯಾಣವೆಂದು ತಿಳಿದು ಕೈಮುಗಿಯುವುದೂ ಉಂಟು! ಮಧ್ಯ ರೈಲ್ವೆಯ ಕಲ್ಯಾಣ್ ದಾಟಿ ಕಸಾರಾದ ದಿಕ್ಕಿಗೆ ಹೊರಳಿದಾಗ ಸಿಗುವ ಮೊದಲ ನಿಲ್ದಾಣ ನಮ್ಮದು. ಹತ್ತಿರದಲ್ಲೇ ಉಲ್ಹಾಸ್ ನದಿ, ಸೆಂಚುರಿ ರೇಯಾನ್ ಕಾರ್ಖಾನೆ. ಹೊಟೇಲು, ಕಾರ್ಖಾನೆ, ಕಟ್ಟಡದ ಕೆಲಸಗಳನ್ನು ನಂಬಿ ಬಂದ ಕನ್ನಡಿಗರ ಕುಟುಂಬಗಳು ಈ ಸುತ್ತಿನ ಚಾಳುಗಳಲ್ಲಿ, ಈಚೆಗೆ ಎದ್ದ ಇಮಾರತುಗಳಲ್ಲಿ ಹಂಚಿಹೋಗಿವೆ. ಇಷ್ಟನ್ನು ಹೇಳಿದ್ದು ಊರಿನ ವರ್ಣನೆಗಾಗಿ ಅಲ್ಲ. ನಾನು ಕೆಳಗೆ ನಿವೇದಿಸಲಿರುವ ತಪ್ಪು ಇಲ್ಲಿ ನಡೆಯಿತು ಮತ್ತು ಅದರಲ್ಲಿ ನನ್ನ ಪಾಲು ದೊಡ್ಡದಿತ್ತು ಎಂಬ ಕಾರಣಕ್ಕಾಗಿ.

೨೦೨೩ರ ರಾಜ್ಯೋತ್ಸವಕ್ಕೆ ನಮ್ಮ ಸಂಘ ಮಕ್ಕಳಿಗಾಗಿ ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಿತ್ತು. ವಿಷಯ ಪ್ರತಿವರ್ಷದಂತೆ ನಾಡು ನುಡಿಗೆ ಸಂಬಂಧಿಸಿದ್ದು. ಹದಿನೇಳು ಬರಹಗಳು ಬಂದಿದ್ದವು. ಹದಿನಾರರಲ್ಲಿ ಕಾವೇರಿ ಹರಿದಿದ್ದಳು, ಹಂಪಿಯ ಕಲ್ಲಿನ ರಥ ನಿಂತಿತ್ತು. ಅಕ್ಷರ ಮಕ್ಕಳದು, ಮಾತು ಹಿರಿಯರದು ಎಂಬುದು ಮೊದಲ ಪುಟದಲ್ಲೇ ತಿಳಿಯುತ್ತಿತ್ತು. ಹದಿನೇಳನೆಯದು ಒಂದು ಡ್ರಾಯಿಂಗ್ ಪುಸ್ತಕ. ಅದನ್ನು ತಂದವಳು ಮರಾಠಿ ಶಾಲೆಯ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದ ಹುಡುಗಿ. ಮನೆಯವರು ಇಂಡಿ ತಾಲೂಕಿನ ಕಡೆಯವರು. ಸಂಘದ ರವಿವಾರದ ವರ್ಗದಲ್ಲಿ ಅಕ್ಷರ ಕಲಿತವಳು ಎಂಬುದಷ್ಟೇ ನಮಗೆ ಗೊತ್ತಿದ್ದ ಅವಳ ಕನ್ನಡ.

ಪುಸ್ತಕದ ಹನ್ನೆರಡು ಪುಟಗಳಲ್ಲಿ ಚೌಕಚೌಕವಾಗಿ ಚಿತ್ರ ಬರೆದು, ಮೇಲೆ ಮೋಡದಾಕಾರದ ಗೆರೆಯೊಳಗೆ ಮಾತುಗಳನ್ನು ಬರೆದಿದ್ದಳು. ಊರ ಬಾವಿ ಬತ್ತಿದೆ. ಆ ವರ್ಷದ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ದಕ್ಷಿಣಧ್ರುವದ ಸಮೀಪ ಇಳಿದ ಸುದ್ದಿಯನ್ನು ಅಜ್ಜಿ ಟಿ.ವಿ.ಯಲ್ಲಿ ಕೇಳುತ್ತಾಳೆ, ಅಲ್ಲಿ ನೀರಿದೆಯಂತೆ ಎಂದು ಯಾರೋ ಅನ್ನುತ್ತಾರೆ. ಅಜ್ಜಿ ಸೆರಗು ಸಿಕ್ಕಿಸಿ, ಸಿಂಬಿ ಇಟ್ಟು, ಕೊಡ ಹೊತ್ತು ಹೊರಡುತ್ತಾಳೆ. ಚಂದ್ರನಲ್ಲಿ ಬಿಸಿಲು ಬೀಳದ ಕುಳಿಯೊಂದರಲ್ಲಿ ನೀರು ಹೆಪ್ಪುಗಟ್ಟಿ ಕುಳಿತಿದೆ. ಒನಕೆಯಿಂದ ಕುಟ್ಟಿ ಒಡೆದು ಕೊಡಕ್ಕೆ ತುಂಬಬೇಕು. ಅಲ್ಲಿ ತೂಕ ಕಡಿಮೆಯಾದ್ದರಿಂದ ಒಬ್ಬಳೇ ಆರು ಕೊಡ ಹೊರುತ್ತಾಳೆ. ಮರಳಿ ಬಂದು ಇಳಿಯುವಾಗ ಆರು ಕೊಡಗಳ ಭಾರ ಒಮ್ಮೆಗೇ ಮೈಮೇಲೆ ಬಿದ್ದು, ಐದನ್ನು ದಾರಿಯಲ್ಲೇ ಕೆಳಗಿಟ್ಟು, ಒಂದನ್ನಷ್ಟೇ ಮನೆಗೆ ತರುತ್ತಾಳೆ.

ತೀರ್ಪುಗಾರರು ನಾವು ಮೂವರು. ಮೂವರೂ ಮನಸಾರೆ ನಕ್ಕೆವು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದವು, ಆದರೆ ಮಾತು ಅಪ್ಪಟ ಇಂಡಿಯದಾಗಿತ್ತು. ಚಂದ್ರನ ಸೆಳೆತ ಭೂಮಿಯ ಆರನೆಯ ಒಂದು ಪಾಲು ಎಂಬ ಲೆಕ್ಕವನ್ನು ಆ ಹುಡುಗಿ ಪಾಠದಂತೆ ಒಪ್ಪಿಸದೆ ಆರು ಕೊಡಗಳಲ್ಲಿ ತುಂಬಿಟ್ಟಿದ್ದಳು. ಬಳಿಕ, ಇದು ಪ್ರಬಂಧವಲ್ಲವಾದ್ದರಿಂದ ನಿಯಮಕ್ಕೆ ಹೊಂದುವುದಿಲ್ಲ ಎಂದು ಷರಾ ಬರೆದು ಬದಿಗಿಟ್ಟೆವು. ಷರಾ ಬರೆದ ಕೈ ನನ್ನದು.

ಬಹುಮಾನ ವಿತರಣೆಯ ಸಂಜೆ ಅವಳು ನನ್ನ ಬಳಿ ಬಂದಳು. “ಕಾಕಾ, ಮಾತೆಲ್ಲಾ ಕನ್ನಡದಾಗ ಬರದೇನಲ್ರಿ?”

“ಬರದೀ ಅವ್ವಾ, ಛಲೋ ಬರದೀ. ಆದ್ರ ಇದು ಪ್ರಬಂಧ ಅಲ್ಲ.”

ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಮರುವರ್ಷದ ಸ್ಪರ್ಧೆಗೆ ಅವಳು ಬರಲಿಲ್ಲ. ರವಿವಾರದ ವರ್ಗಕ್ಕೂ ಬರುವುದನ್ನು ಬಿಟ್ಟಿದ್ದಾಳೆಂದು ಅನಂತರ ತಿಳಿಯಿತು. ಕಾರಣ ಇದೊಂದೇ ಎಂದು ನಾನು ಹೇಳಲಾರೆ. ಆದರೆ ಚಿತ್ರಕಥೆಯನ್ನು ಸಾಹಿತ್ಯದ ಹೊಸ್ತಿಲಾಚೆ ನಿಲ್ಲಿಸುವ ಅಧಿಕಾರ ನಮಗೆ, ಅದರಲ್ಲೂ ಮುಂಬಯಿ ಕನ್ನಡಿಗರಿಗೆ, ಎಲ್ಲಿಂದ ಬಂತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ.

ಅಮರ ಚಿತ್ರಕಥೆಯ ಹೆಸರು ಕೇಳದವರಿಲ್ಲ. ಅದರ ಸಂಪಾದಕ ಅನಂತ ಪೈ ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಮುಂಬಯಿಗೆ ಬಂದು, ಇಲ್ಲಿಯೇ ಓದಿ, ರಾಸಾಯನಿಕ ತಂತ್ರಜ್ಞಾನದ ಪದವಿ ಪಡೆದೂ ಪುಸ್ತಕದ ಲೋಕವನ್ನೇ ಆರಿಸಿಕೊಂಡರು. ೧೯೬೪ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಫ್ಯಾಂಟಮ್‌ನನ್ನು ಇಂದ್ರಜಾಲ ಕಾಮಿಕ್ಸ್ ಮೂಲಕ ಭಾರತಕ್ಕೆ ತಂದಾಗ ಅವರು ಅಲ್ಲಿದ್ದರು. ಇದು ಹಲವರಿಗೆ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಅಮರ ಚಿತ್ರಕಥೆ ಮೊದಲು ಆಡಿದ ಭಾಷೆ ಇಂಗ್ಲಿಷ್ ಅಲ್ಲ, ಹಿಂದಿಯೂ ಅಲ್ಲ, ಕನ್ನಡ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ೧೯೬೫ರಲ್ಲಿ ಮೊದಲ ಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಅವು ಮಾರಾಟವಾದವು ಎಂಬ ಧೈರ್ಯದಿಂದಲೇ ಮುಂಬಯಿಯ ಪ್ರಧಾನ ಕಚೇರಿ ಇಂಗ್ಲಿಷಿಗೆ ಕೈಹಾಕಿತು. ರಾಮ ವಾಯೀರ್ಕರರು ಚಿತ್ರಿಸಿದ ‘ಕೃಷ್ಣ’ ಇಂಗ್ಲಿಷ್ ಮಾಲಿಕೆಯ ಮೊದಲ ಪುಸ್ತಕವಾದರೂ ಅದರ ಕ್ರಮಾಂಕ ಒಂದಲ್ಲ, ಹನ್ನೊಂದು. ಅದಕ್ಕೂ ಹಿಂದಿನ ಹತ್ತು ಸಂಖ್ಯೆಗಳು ಕನ್ನಡದ ಪಾಲಿನವು.

ಇದನ್ನು ಓದಿ ಎದೆಯುಬ್ಬಿಸುವ ಮುನ್ನ ಇನ್ನೊಂದು ಮಾತನ್ನೂ ಹೇಳಬೇಕು. ಆ ಹತ್ತು ಪುಸ್ತಕಗಳಲ್ಲಿ ಇದ್ದವರು ಬಸವಣ್ಣನೂ ಅಲ್ಲ, ಪುಲಕೇಶಿಯೂ ಅಲ್ಲ. ಸಿಂಡ್ರೆಲಾ, ಪಿನೋಕಿಯೋ ಮೊದಲಾದ ಪರದೇಶದ ಕಥೆಗಳ ಪಾತ್ರಗಳು. ನನಗಂತೂ ಇದು ಅಭಿಮಾನಭಂಗವೆಂದು ತೋರುವುದಿಲ್ಲ. ಅಂದಿನ ಕನ್ನಡದ ಮಗು ಇದು ನಮ್ಮದೋ ಅವರದೋ ಎಂದು ಕೇಳದೆ, ಚಿತ್ರ ಚೆನ್ನಾಗಿದೆ, ಮಾತು ತಿಳಿಯುತ್ತದೆ ಎಂದು ಓದಿತು. ನಮ್ಮ ಬಾಗಿಲಲ್ಲಿ ಕುಳಿತು ಕುಲಗೋತ್ರ ವಿಚಾರಿಸುವವರು ನಾವು, ದೊಡ್ಡವರು.

ಅಮರ ಚಿತ್ರಕಥೆಯ ದೋಷಗಳನ್ನು ನಾನು ಮುಚ್ಚಿಡಲಾರೆ. ಅಲ್ಲಿ ದೇವತೆಗಳು ಬೆಳ್ಳಗೆ, ರಾಕ್ಷಸರು ಕಪ್ಪಗೆ. ಸ್ತ್ರೀಯರು ಬಹುಪಾಲು ಅಳುವುದಕ್ಕೆ ಅಥವಾ ಚಿತೆಯೇರುವುದಕ್ಕೆ. ವಿಮರ್ಶಕರು ಈ ಕುರಿತು ಸಾಕಷ್ಟು ಬರೆದಿದ್ದಾರೆ, ಸರಿಯಾಗಿಯೇ ಬರೆದಿದ್ದಾರೆ. ಆದರೆ ದೋಷ ಹೇಳಿದವರ ಮೇಲೆ ಇನ್ನೊಂದು ಹೊಣೆಯೂ ಬೀಳುತ್ತದೆ. ನಮಗೆ ಬೇಕಾದ ಚಿತ್ರಕಥೆಯನ್ನು ನಾವು ಮಾಡಿದ್ದೇವೆಯೇ? ಇಂಡಿಯ ಅಜ್ಜಿ ಚಿತೆಯೇರಲಿಲ್ಲ, ಒನಕೆ ಹಿಡಿದು ಚಂದ್ರನಿಗೆ ಹೋದಳು. ಅವಳನ್ನು ನಾವು ಒಳಗೆ ಬಿಡಲಿಲ್ಲ.

ನಾವು ಬಾಳುವುದು ಮರಾಠಿಗರ ನಡುವೆ. ಅವರಿಂದ ವಡಾಪಾವ್ ಕಲಿತೆವು, ನಾಟಕ ನೋಡುವುದನ್ನು ಕಲಿತೆವು. ಇನ್ನೂ ಒಂದನ್ನು ಕಲಿಯಬೇಕಿತ್ತು. ಮುಂಬಯಿಯ ಮರಾಠಿ ವಿಜ್ಞಾನ ಪರಿಷತ್ತು ೧೯೬೬ರಲ್ಲಿ ಹುಟ್ಟಿದ್ದು. ೧೯೭೪ರಲ್ಲಿ ಅದರ ವಿಜ್ಞಾನ ಕಥಾ ಸ್ಪರ್ಧೆಗೆ ಕೃಷ್ಣವಿವರವನ್ನು ಕುರಿತ ಒಂದು ಕಥೆ ಬಂತು. ಬರೆದವರ ಹೆಸರು ನಾರಾಯಣ ವಿನಾಯಕ ಜಗತಾಪ್. ಅಂಥ ಹೆಸರಿನವರು ಇರಲೇ ಇಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದ ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರಳೀಕರರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ, ಕೈಬರಹದ ಗುರುತು ಸಿಗಬಾರದೆಂದು ಪತ್ನಿಯಿಂದ ಪ್ರತಿ ಮಾಡಿಸಿ ಕಳುಹಿಸಿದ್ದರು. ಕಥೆಗೆ ಬಹುಮಾನ ಬಂತು. ಮರುವರ್ಷ ಕರಾಡಿನಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಿಂದ ದುರ್ಗಾ ಭಾಗವತರು ಈ ಹೊಸ ಬಗೆಯ ಕಥೆಯನ್ನು ಮೆಚ್ಚಿ ಮಾತನಾಡಿದರು. ೨೦೨೧ರಲ್ಲಿ ನಾಸಿಕದ ಸಮ್ಮೇಳನಕ್ಕೆ ಅದೇ ನಾರಳೀಕರರು ಅಧ್ಯಕ್ಷರಾಗಿ ಆಯ್ಕೆಯಾದರು. ೨೦೨೫ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ನಮ್ಮ ಇಮಾರತಿನ ಮರಾಠಿ ನೆರೆಯವರೊಬ್ಬರು, ವೃತ್ತಿಯಿಂದ ಫಿಟ್ಟರ್ ಆಗಿದ್ದವರು, ಅವರ ಕಥೆಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಮೆಟ್ಟಿಲ ಮೇಲೆ ಕುಳಿತದ್ದನ್ನು ನಾನು ಕಂಡೆ.

ಅದೇ ಟಾಟಾ ಸಂಸ್ಥೆಯಲ್ಲಿ ಗ್ರಂಥಪಾಲರಾಗಿ ದುಡಿದವರು ನಮ್ಮ ಶ್ರೀನಿವಾಸ ಹಾವನೂರರು, ‘ಹೊಸಗನ್ನಡದ ಅರುಣೋದಯ’ದ ಕರ್ತೃ. ವಿಜ್ಞಾನದ ಗುಡಿಯೊಳಗೇ ಕನ್ನಡದ ಒಬ್ಬ ದೊಡ್ಡ ವಿದ್ವಾಂಸರಿದ್ದರು ಎಂಬುದು ಮುಂಬಯಿ ಕನ್ನಡಿಗರಿಗೆ ಹೆಮ್ಮೆಯ ಮಾತು. ಆದರೆ ಮರಾಠಿಗರಲ್ಲಿ ವಿಜ್ಞಾನಿ, ಸ್ಪರ್ಧೆ ಏರ್ಪಡಿಸುವ ಸಂಸ್ಥೆ, ಸಮ್ಮೇಳನಾಧ್ಯಕ್ಷರು, ಫಿಟ್ಟರ್ ಇವರೆಲ್ಲರನ್ನೂ ಒಂದು ಕಥೆ ಪೋಣಿಸಿದಂತೆ ನಮ್ಮಲ್ಲಿ ಪೋಣಿಸಲಿಲ್ಲ.

ನಮ್ಮಲ್ಲಿ ಬರೆದವರೇ ಇಲ್ಲವೆಂದು ಯಾರೂ ತಿಳಿಯಬಾರದು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ರಾಜಶೇಖರ ಭೂಸನೂರಮಠರು ‘ಮನ್ವಂತರ’, ‘ಆಪರೇಶನ್ ಯು.ಎಫ್.ಓ.’ದಂಥ ವಿಜ್ಞಾನ ಕಾದಂಬರಿಗಳನ್ನು ಕೊಟ್ಟು ೨೦೧೫ರಲ್ಲಿ ತೀರಿಕೊಂಡರು. ನಮ್ಮ ಹೊರನಾಡ ಸಂಘಗಳಲ್ಲಿ ಅವರ ಕೃತಿಗಳ ಕುರಿತು ಒಂದು ವಿಚಾರಗೋಷ್ಠಿ ನಡೆದದ್ದನ್ನು ನಾನಂತೂ ಕಂಡಿಲ್ಲ. ನಡೆಸಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಸೂಚಿಸಿದವನೂ ಅಲ್ಲ.

ವಿಪರ್ಯಾಸವೆಂದರೆ, ಆಕಾಶದ ಕೆಲಸ ನಡೆದದ್ದು ಕನ್ನಡದ ನೆಲದಲ್ಲಿಯೇ. ಭಾರತದ ಮೊದಲ ಕೃತಕ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿಸಿದವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾಯರು. ೧೯೭೫ರ ಏಪ್ರಿಲ್ ೧೯ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಅದು ಕಳುಹಿಸುವ ಸಂಕೇತಗಳನ್ನು ಹಿಡಿಯಲು ಜಾಗ ಸಾಲದೆ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಕೇಂದ್ರವನ್ನಾಗಿ ಮಾಡಿಕೊಂಡಿದ್ದರಂತೆ. ಇದಕ್ಕಿಂತ ಒಳ್ಳೆಯ ಚಿತ್ರಕಥೆಯ ವಸ್ತು ಬೇಕೆ? ಭೂಸ್ಥಿರ ಉಪಗ್ರಹಗಳನ್ನು ನಡೆಸುವ ಕೇಂದ್ರ ಹಾಸನದಲ್ಲಿದೆ. ೨೦೦೮ರ ಚಂದ್ರಯಾನ-೧ಕ್ಕಾಗಿ ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ ೩೨ ಮೀಟರ್ ವ್ಯಾಸದ ಆಂಟೆನಾ ನಿಂತಿತು. ಆ ನೌಕೆಯ ಉಪಕರಣಗಳೇ ಚಂದ್ರನ ನೆಲದಲ್ಲಿ ನೀರಿನ ಅಣುಗಳಿರುವುದನ್ನು ಕಂಡವು; ೨೦೦೯ರಲ್ಲಿ ಜಗತ್ತಿಗೆ ಅದು ತಿಳಿಯಿತು. ಅಂದರೆ ಚಂದ್ರನ ನೀರಿನ ಸುದ್ದಿ ಭೂಮಿಗೆ ಬಂದಿಳಿದದ್ದು ಒಂದು ಕನ್ನಡದ ಹಳ್ಳಿಗೆ. ಅದನ್ನು ಹದಿಮೂರು ವರ್ಷದ ಒಬ್ಬ ಹುಡುಗಿ ಶಹಾಡ್‌ನ ಚಾಳಿನಲ್ಲಿ ಕುಳಿತು ಕನ್ನಡದಲ್ಲಿ ಕಥೆ ಮಾಡಿದಳು. ನಾವು ಮೂವರು ಕಾವೇರಿಗೆ ಬಹುಮಾನ ಕೊಟ್ಟೆವು.

ಇವೆಲ್ಲ ನಮ್ಮ ಪುರಾಣಗಳಲ್ಲಿ ಮೊದಲೇ ಇತ್ತು, ಪುಷ್ಪಕ ವಿಮಾನವಿರಲಿಲ್ಲವೇ ಎಂದು ವೇದಿಕೆಯಲ್ಲಿ ಗುಡುಗುವ ಮಿತ್ರರಿದ್ದಾರೆ. ಅವರೊಡನೆ ನನ್ನ ಜಗಳ ಹಳೆಯದು. ಪುಷ್ಪಕ ಒಬ್ಬ ಮಹಾಕವಿಯ ಕಲ್ಪನೆ. ಕಲ್ಪನೆಯೆಂದೇ ಅದಕ್ಕೆ ಬೆಲೆ. ಅದನ್ನು ಯಂತ್ರವೆಂದು ಸಾಧಿಸಹೊರಟರೆ ಕವಿಯೂ ಸಣ್ಣವನಾಗುತ್ತಾನೆ, ಪೀಣ್ಯದ ಶೆಡ್ಡಿನಲ್ಲಿ ಬೆವರಿದವರೂ ಸಣ್ಣವರಾಗುತ್ತಾರೆ.

ಚಿತ್ರಕ್ಕೆ ಒಗ್ಗಿದ ಮಕ್ಕಳು ಅಕ್ಷರದ ಕಡೆಗೆ ಹೊರಳುವುದಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ನಮ್ಮ ಗ್ರಂಥಾಲಯದ ಎರವಲು ವಹಿಯಲ್ಲಿತ್ತು. ಎರಡು ಕಪಾಟುಗಳ ಆ ಗ್ರಂಥಾಲಯದಲ್ಲಿ ಒಂದು ಕಾಲಕ್ಕೆ ಕನ್ನಡ ಅಮರ ಚಿತ್ರಕಥೆಗಳ ಒಂದು ಕಟ್ಟು ಇತ್ತು. ಚಿತ್ರಕಥೆ ಒಯ್ದ ಹುಡುಗರ ಸಹಿಯೇ ಮೂರು ನಾಲ್ಕು ವರ್ಷಗಳ ಬಳಿಕ ಕಾದಂಬರಿಗಳ ಮುಂದೆಯೂ ಕಾಣುತ್ತಿತ್ತು. ಎಲ್ಲರದೂ ಅಲ್ಲ, ಕೆಲವರದು. ಒಂದು ದೀಪಾವಳಿಯಲ್ಲಿ, ಸ್ಮರಣಸಂಚಿಕೆಗಳಿಗೆ ಜಾಗ ಬೇಕೆಂದು ಆ ಕಟ್ಟನ್ನು ರದ್ದಿಯವನಿಗೆ ಕೊಟ್ಟೆವು. ಆ ಸ್ಮರಣಸಂಚಿಕೆಗಳು ಇಂದಿಗೂ ಇವೆ. ಅವುಗಳನ್ನು ಎರವಲು ಒಯ್ದವರ ಒಂದು ಸಹಿಯೂ ವಹಿಯಲ್ಲಿಲ್ಲ.

ಬರುವ ವಾರ್ಷಿಕ ಮಹಾಸಭೆಯ ಮುಂದಿಡಲು ನಾನು ಒಂದು ಠರಾವನ್ನು ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ. ಮಕ್ಕಳ ಸ್ಪರ್ಧೆಯಲ್ಲಿ ಚಿತ್ರಕಥೆಗೂ ವಿಜ್ಞಾನ ಕಥೆಗೂ ಪ್ರತ್ಯೇಕ ವಿಭಾಗಗಳಿರಬೇಕು. ಅವುಗಳ ತೀರ್ಪುಗಾರರಲ್ಲಿ ಒಬ್ಬರಾದರೂ ನಲವತ್ತರ ಒಳಗಿನವರಾಗಿರಬೇಕು. ಬಹುಮಾನ ಬಂದದ್ದನ್ನು ಈ ತ್ರೈಮಾಸಿಕ ಚಿತ್ರಸಮೇತ ಅಚ್ಚು ಹಾಕಬೇಕು. ಬ್ಲಾಕಿನ ಖರ್ಚು ಎಂದು ಹೇಳಿ ಜಾರಿಕೊಳ್ಳುವ ಕಾಲ ಈಗಿಲ್ಲ. ಠರಾವಿಗೆ ಇನ್ನೂ ಅನುಮೋದಕರು ಸಿಕ್ಕಿಲ್ಲ. ಸದಸ್ಯರಲ್ಲಿ ಯಾರಾದರೂ ಮುಂದೆ ಬಂದರೆ ಕೃತಜ್ಞನಾಗಿರುವೆ. ಡ್ರಾಯಿಂಗ್ ಪುಸ್ತಕವನ್ನು ಕೇಳೋಣವೆಂದು ಹೋದ ತಿಂಗಳು ಆ ಹುಡುಗಿಯ ಮನೆಗೆ ಹೋಗಿದ್ದೆ. ಬೀಗ ಹಾಕಿತ್ತು. ಎಲ್ಲರೂ ಊರಿಗೆ ಹೋಗಿದ್ದಾರೆ, ಶಾಲೆ ಶುರುವಾಗುವ ಹೊತ್ತಿಗೆ ಬರುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು. ಜೂನ್‌ನಲ್ಲಿ ಮತ್ತೊಮ್ಮೆ ಹೋಗುತ್ತೇನೆ.