ಸಾವಿನ ಮನೆಯ ಹಾಡು

ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸಾವಿನ ಸುದ್ದಿ ತಿಳಿದೊಡನೆ ಊರಿನ ಭಜನಾ ಮೇಳದವರು ಆ ಮನೆಯ ಅಂಗಳಕ್ಕೆ ಬಂದು ಕೂರುತ್ತಾರೆ. ಏಕತಾರಿ, ತಾಳ, ದಮ್ಮಡಿಗಳೊಂದಿಗೆ ಬೆಳಗಾಗುವತನಕ ಶವದೆದುರು ತತ್ವಪದಗಳು ಸಾಗುತ್ತವೆ. ಒಬ್ಬರು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಮರಳಿ ಹಾಡುತ್ತಾರೆ. ಪದ ಬಾರದವರೂ ಮೂರನೆಯ ಆವೃತ್ತಿಗೆ ದನಿಗೂಡಿಸಬಲ್ಲರು. ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿ, ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿಗೆ ಶಿಷ್ಯರಾದ ಶಿಶುನಾಳ ಶರೀಫರ (1819–1889) ಪದಗಳು ಹಿಂದೂ ಮನೆಯ ಸೂತಕದಲ್ಲಿ ಕೇಳಿಬರುವುದು ಅಲ್ಲಿ ಯಾರಿಗೂ ಸೋಜಿಗವಲ್ಲ.

ಈ ರಾತ್ರಿಗಳನ್ನು ನೆನೆದು ಹಂಬಲಿಸುವವರು ಅದೇ ಹಳ್ಳಿಯ ಇನ್ನೊಂದು ಸದ್ದನ್ನೂ ನೆನೆಯಬೇಕು. ಸಾವಿನ ಸುದ್ದಿಯನ್ನು ಊರೂರಿಗೆ ಮುಟ್ಟಿಸುವುದು, ಹೆಣದ ಮುಂದೆ ತಮಟೆ ಬಡಿಯುವುದು ದಲಿತರ ಮೇಲೆ ಹೇರಲ್ಪಟ್ಟ ಬಿಟ್ಟಿ ಚಾಕರಿಯಾಗಿತ್ತು. ದಲಿತ ಚಳವಳಿಯ ದಿನಗಳಲ್ಲಿ ಹಲವರು ಆ ತಮಟೆಯನ್ನು ಕೆಳಗಿಟ್ಟರು. ಸಂಪ್ರದಾಯ ಅಳಿಯಿತೆಂದು ಅದಕ್ಕೆ ಮರುಗುವುದು ಸಲ್ಲ. ಮನಸ್ಸೊಪ್ಪಿ ಹಾಡುವ ದನಿಗೂ ಜಾತಿಯ ಕಟ್ಟಳೆಗೆ ಅಂಜಿ ಬಡಿಯುವ ಕೈಗೂ ಇರುವ ಅಂತರವನ್ನು ಮರೆತರೆ, ಪರಂಪರೆಯ ಮಾತು ಅನ್ಯಾಯದ ಸಮರ್ಥನೆಯಾಗುತ್ತದೆ.

ಹೊರನಾಡಿನ ಕನ್ನಡಿಗರ ನಡುವೆ ಈ ಎರಡು ಸದ್ದುಗಳೂ ಇಲ್ಲ. ಬ್ರಿಟನ್ನಿನ ಚಿತಾಗಾರಗಳಲ್ಲಿ ಒಂದು ಅಂತ್ಯಕ್ರಿಯೆಗೆ ದೊರೆಯುವ ಅವಧಿ ಸಾಮಾನ್ಯವಾಗಿ 30ರಿಂದ 45 ನಿಮಿಷ. ಆ ಹೊತ್ತಿನಲ್ಲಿ ಧ್ವನಿವರ್ಧಕದಿಂದ ಒಂದು ಮುದ್ರಿತ ಭಜನೆ ಹೊಮ್ಮುತ್ತದೆ. ಬಂದವರು ಮೌನವಾಗಿ ನಿಂತು, ಮುಂದಿನ ಕುಟುಂಬಕ್ಕೆ ಜಾಗ ಬಿಟ್ಟು ಹೊರಡುತ್ತಾರೆ.

ಗಡಿಯಾರದ ಈ ಕಟ್ಟಿಗೆ ಒಳಗಾದವರು ಕನ್ನಡಿಗರು ಮಾತ್ರವಲ್ಲ. 1948ರ ನಂತರ ಬ್ರಿಟನ್ನಿಗೆ ದುಡಿಯಲು ಬಂದ ಜಮೈಕನ್ನರು ತಮ್ಮ 'ನೈನ್ ನೈಟ್' ಆಚರಣೆಯನ್ನು ಚಿತಾಗಾರದ ವೇಳಾಪಟ್ಟಿಗೆ ಒಪ್ಪಿಸದೆ ಮನೆಯಲ್ಲೇ ಉಳಿಸಿಕೊಂಡರು. ಸತ್ತವರ ಮನೆಯಲ್ಲಿ ರಾತ್ರಿಗಳ ಕಾಲ ನೆರೆಹೊರೆಯವರು ಕೂಡುತ್ತಾರೆ. ಊಟ, ರಮ್, ಡಾಮಿನೊ ಆಟ, ನಗು, ಅಳು ಎಲ್ಲದರ ನಡುವೆ 'ಸ್ಯಾಂಕಿ' ಎಂಬ ಹೆಸರಿನ ಸ್ತೋತ್ರಗೀತೆಗಳು ಹಾಡಲ್ಪಡುತ್ತವೆ. ಅಲ್ಲಿಯೂ ಒಬ್ಬರು ಸಾಲು ಕೊಡುವುದು, ಉಳಿದವರು ಎತ್ತಿಕೊಳ್ಳುವುದು. ಶರೀಫರ ಪದ ಹಾಡುವ ಕ್ರಮವೂ ಅದೇ ಅಲ್ಲವೇ?

ಆದ್ದರಿಂದ ಹೊರನಾಡಿನ ಕನ್ನಡ ಸಂಘಗಳು ಯೋಚಿಸಬೇಕಾದ ಮಾತೊಂದಿದೆ. ಯುಗಾದಿಗೂ ರಾಜ್ಯೋತ್ಸವಕ್ಕೂ ವೇದಿಕೆ ಕಟ್ಟುವ ಕೈಗಳು, ಸದಸ್ಯರ ಮನೆಯಲ್ಲಿ ಸಾವಾದಾಗ ಒಂದು ಸಂಜೆ ಜಮಖಾನ ಹಾಸಿ ಕೂರಲಾರವೇ? ಅದಕ್ಕೆ ಪುರೋಹಿತರಾಗಲಿ ನುರಿತ ಗಾಯಕರಾಗಲಿ ಬೇಕಿಲ್ಲ. ಮೊದಲ ಸಾಲನ್ನು ಮನೆಯ ಮಗಳೇ ಎತ್ತಿಕೊಡಲಿ. ಜಾತಿ ಕೇಳದೆ ಎಲ್ಲರಿಗೂ ಆ ಜಮಖಾನದ ಮೇಲೆ ಜಾಗವಿರಲಿ. ದೂರದೇಶದಲ್ಲಿ ತಾಯಿಯನ್ನೋ ಸಂಗಾತಿಯನ್ನೋ ಕಳೆದುಕೊಂಡವರು ಅಂದಿನ ರಾತ್ರಿ ಖಾಲಿ ಮನೆಗೆ ಒಬ್ಬರೇ ಮರಳುವಂತಾಗಬಾರದು.