ಗಾಳಿಯಲ್ಲಿರುವ ಮಾತಿಗೆ ಬೀಗವೇಕೆ?

ಮಳೆಗಾಲ ಬಂತೆಂದರೆ ಹೊಸಪೇಟೆ, ಕಂಪ್ಲಿ ಸೀಮೆಯ ಜನ ದಿನಪತ್ರಿಕೆಯಲ್ಲಿ ಮೊದಲು ಹುಡುಕುವುದು ತುಂಗಭದ್ರಾ ಜಲಾಶಯದ ಅಂಕಿಗಳನ್ನು. ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಹೊರಹರಿವು ನೋಡಿಯೇ ನದಿದಂಡೆಯ ರೈತ ಪಂಪ್‌ಸೆಟ್ ಮೇಲಕ್ಕೆ ಎತ್ತಬೇಕೇ ಎಂದು ತೀರ್ಮಾನಿಸುತ್ತಾನೆ. ಗಂಗಾವತಿಗೆ ಹೊರಟವನು ಕಂಪ್ಲಿ ಸೇತುವೆ ಮುಳುಗೀತೇ ಎಂದು ಲೆಕ್ಕ ಹಾಕುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗಲೂ ಚಿತ್ತವಾಡ್ಗಿಯ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲಿದ್ದುದು ಕ್ಯುಸೆಕ್ ಲೆಕ್ಕವೇ. ಅಣೆಕಟ್ಟೆಯ ಎಂಜಿನಿಯರುಗಳ ಈ ಲೆಕ್ಕ ಹೊರಗಿನವರಿಗೇಕೆ ಎಂದು ಯಾರೂ ಕೇಳಲಿಲ್ಲ. ನೀರು ಬಿಡುವ ಅಧಿಕಾರ ಒಬ್ಬರದು, ಬಿಟ್ಟ ನೀರಿನ ಪರಿಣಾಮ ಎದುರಿಸಬೇಕಾದವರು ಅನೇಕರು ಎಂಬುದು ಎಲ್ಲರಿಗೂ ಒಪ್ಪಿತವಾದ ವಿಚಾರ.

ಆಕಾಶದ ವಿಷಯದಲ್ಲಿ ಮಾತ್ರ ನಾವು ಬೇರೆಯೇ ನೀತಿ ಅನುಸರಿಸುತ್ತಿದ್ದೇವೆ. ನಿಯಂತ್ರಣ ಗೋಪುರದ ಅಧಿಕಾರಿಗೂ ಪೈಲಟ್‌ಗೂ ನಡೆಯುವ ಸಂಭಾಷಣೆ 118ರಿಂದ 137 ಮೆಗಾಹರ್ಟ್ಜ್ ನಡುವಿನ ರೇಡಿಯೊ ಅಲೆಗಳಲ್ಲಿ ಯಾವ ಗೂಢಲಿಪಿಯೂ ಇಲ್ಲದೆ ಸಾಗುತ್ತದೆ. ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ಮನೆಯ ಮೇಲೆ ಆಂಟೆನಾ ನಿಲ್ಲಿಸಿ ಈ ಮಾತುಗಳನ್ನು ಹಿಡಿದು ಅಂತರ್ಜಾಲಕ್ಕೆ ಹರಿಯಬಿಡುತ್ತಾರೆ. ಲೈವ್‌ಎಟಿಸಿ ಎಂಬ ತಾಣ ಈ ಶತಮಾನದ ಮೊದಲ ದಶಕದಿಂದಲೂ ಇದನ್ನು ಮಾಡುತ್ತಿದೆ. ಕುತೂಹಲಿಗಳ ಕಾಲಹರಣವೆಂದು ತೋರುವ ಈ ಸೇವೆಯನ್ನು ಅಲ್ಲಿ ವಿಮಾನ ಕಂಪನಿಗಳ ಡಿಸ್ಪ್ಯಾಚರುಗಳೂ ದಿನನಿತ್ಯದ ಕೆಲಸದಲ್ಲಿ ಬಳಸುತ್ತಾರೆ. ನನ್ನ ಆಸಕ್ತಿ ಇರುವುದು ಇಲ್ಲಿ.

ಡಿಸ್ಪ್ಯಾಚರ್ ಎಂದರೆ ಪ್ರಯಾಣಿಕರ ಕಣ್ಣಿಗೆ ಎಂದೂ ಬೀಳದ ವ್ಯಕ್ತಿ. ಮಾರ್ಗ, ಇಂಧನ, ಹವಾಮಾನ, ಇಳಿಯಲಾಗದಿದ್ದರೆ ಹೋಗಬೇಕಾದ ಪರ್ಯಾಯ ನಿಲ್ದಾಣ ಇವೆಲ್ಲವನ್ನೂ ನೆಲದ ಮೇಲೆ ಕುಳಿತು ಯೋಜಿಸುವವನು ಅವನು. ಅಮೆರಿಕದ ನಿಯಮದಂತೆ ನಿಗದಿತ ಹಾರಾಟದ ಹೊಣೆ ಕ್ಯಾಪ್ಟನ್ ಮತ್ತು ಡಿಸ್ಪ್ಯಾಚರ್ ಇಬ್ಬರ ಮೇಲೂ ಇರುತ್ತದೆ. ಆದರೆ ಅವನು ಕುಳಿತಿರುವುದು ವಿಮಾನದಿಂದ ನೂರಾರು ಮೈಲಿ ದೂರದಲ್ಲಿ. ಹವಾಮಾನ ವರದಿ ಸಾಮಾನ್ಯವಾಗಿ ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಬರುತ್ತದೆ. ಆ ನಡುವೆ ಗಾಳಿ ತಿರುಗಿ ಸಾಲಾಗಿ ಮೂರು ವಿಮಾನಗಳು ಇಳಿಯಲಾಗದೆ ಮತ್ತೆ ಮೇಲೇರಿದವು ಎನ್ನಿ. ಆ ಸಂಭಾಷಣೆ ಕಿವಿಗೆ ಬಿದ್ದರೆ, ಇನ್ನೂ ಹೊರಡದ ತನ್ನ ನಾಲ್ಕನೆಯ ವಿಮಾನಕ್ಕೆ ಹೆಚ್ಚು ಇಂಧನ ತುಂಬಿಸಲು ಅವನಿಗೆ ಸಮಯ ಸಿಗುತ್ತದೆ. ರನ್‌ವೇ ಬದಲಾಯಿತೇ, ಎಷ್ಟು ವಿಮಾನಗಳು ಸುತ್ತು ಹಾಕುತ್ತಿವೆ, ಸಂದೇಶಕ್ಕೆ ಉತ್ತರಿಸದ ತನ್ನ ಪೈಲಟ್ ತುರ್ತು ಪರಿಸ್ಥಿತಿಯಲ್ಲಿ ಗೋಪುರದೊಂದಿಗೆ ಮಾತಿನಲ್ಲಿ ಮಗ್ನನಾಗಿದ್ದಾನೆಯೇ? ಇವೆಲ್ಲ ಕೇಳಿದರೆ ತಿಳಿಯುವಂಥವು. ಕೆಲಸದಲ್ಲಿ ಮುಳುಗಿದ ಪೈಲಟ್‌ನನ್ನು ಪದೇಪದೇ ಕೆಣಕುವುದೂ ತಪ್ಪುತ್ತದೆ.

ಇದರ ಮಿತಿಗಳನ್ನು ಮರೆಮಾಚಬಾರದು. ಧ್ವನಿ ಕೆಲವು ಸೆಕೆಂಡುಗಳಷ್ಟಾದರೂ ತಡವಾಗಿ ಬರುತ್ತದೆ. ಒಂದೇ ರಿಸೀವರ್ ಹಲವು ತರಂಗಾಂತರಗಳ ನಡುವೆ ಜಿಗಿಯುತ್ತಿದ್ದರೆ ಅರ್ಧ ಮಾತು ತಪ್ಪಿಹೋಗುತ್ತದೆ. ಯಾರದೋ ಮನೆಯಲ್ಲಿ ಕರೆಂಟ್ ಹೋದರೆ ಅಲ್ಲಿಗೆ ಮುಗಿಯಿತು. ಅಧಿಕೃತ ಮಾಹಿತಿಗೆ ಇದು ಪೂರಕವಾದೀತೇ ವಿನಾ ಬದಲಿಯಾಗದು.

ಭಾರತದಲ್ಲಿ ಇಷ್ಟಕ್ಕೂ ಅವಕಾಶವಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಗಳಿಂದ ಬಂದ ಪರಂಪರೆ ನಮ್ಮದು. ಸಂಸತ್ತು 2023ರಲ್ಲಿ ಅಂಗೀಕರಿಸಿದ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಸಲಕರಣೆ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕೆಂಬ ತತ್ವವನ್ನು ಬಿಟ್ಟಿಲ್ಲ. ಈ ಮನೋಧರ್ಮವನ್ನು ನಮಗೆ ಕಲಿಸಿದ ಬ್ರಿಟನ್ ಸಹ ಇಂಥ ಆಲಿಸುವಿಕೆಯನ್ನು ಇಂದಿಗೂ ನಿಷೇಧಿಸಿದೆ ಎಂಬುದು ಬೇರೆ ಮಾತು. ಕಡತದ ಮೇಲೆ ‘ಗೋಪ್ಯ’ ಎಂದು ಬರೆದರೆ ಅದರ ತೂಕ ಹೆಚ್ಚುತ್ತದೆ ಎಂದು ನಂಬಿದ ವ್ಯವಸ್ಥೆಯಲ್ಲಿ ಮೂರು ದಶಕ ದುಡಿದವನು ನಾನು. ಅಂಥ ಕಡತಗಳಲ್ಲಿ ಬಹುಪಾಲು ರಹಸ್ಯಕ್ಕೆ ಯೋಗ್ಯವಾಗಿರಲಿಲ್ಲವೆಂದು ಖಚಿತವಾಗಿ ಹೇಳಬಲ್ಲೆ.

ರಹಸ್ಯದಿಂದ ಆಗುವ ಹಾನಿಗೆ ಉದಾಹರಣೆ ನಮ್ಮ ರಾಜಧಾನಿಯಲ್ಲೇ ಇದೆ. 2022ರ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಇಂಡಿಗೊದ ಎರಡು ವಿಮಾನಗಳು, ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ, ಏಕಕಾಲಕ್ಕೆ ಮೇಲೇರಿದವು. ಗೋಪುರದಲ್ಲಿದ್ದವರ ನಡುವೆ ಸಮನ್ವಯ ತಪ್ಪಿತ್ತು. ಪರಸ್ಪರ ಸಮೀಪಿಸುತ್ತಿದ್ದ ವಿಮಾನಗಳನ್ನು ರೇಡಾರ್ ನಿಯಂತ್ರಕರು ಗಮನಿಸಿ ದಿಕ್ಕು ಬದಲಿಸುವಂತೆ ಸೂಚಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜನ ಬದುಕಿದರು. ಈ ಘಟನೆ ಲಾಗ್‌ಬುಕ್‌ನಲ್ಲಿ ದಾಖಲಾಗಿರಲಿಲ್ಲ ಎಂದು ಆಗ ವರದಿಯಾಯಿತು. ಸಾರ್ವಜನಿಕರಿಗೆ ಸುದ್ದಿ ತಲುಪಿದ್ದು ದಿನಗಳು ಕಳೆದ ಮೇಲೆ. ಆ ಹೊತ್ತಿನ ಸಂಭಾಷಣೆಯನ್ನು ಕಂಪನಿಯ ಡಿಸ್ಪ್ಯಾಚರ್ ಕೇಳುತ್ತಿದ್ದಿದ್ದರೆ ಅಪಾಯ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಅದನ್ನು ತಪ್ಪಿಸಬೇಕಾದವರು ನಿಯಂತ್ರಕರೇ. ಆದರೆ ಬರೆಯದೆ ಬಿಟ್ಟ ದಾಖಲೆ ಅಷ್ಟು ದಿನ ಬರೆಯದೆ ಉಳಿಯುತ್ತಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ನೆನಪಾಗುವುದು ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ. 1997ರಿಂದ 2001ರ ನಡುವೆ ಕೇರಳದ ಉತ್ತರ ಕರಾವಳಿಗೆ ಮೊಬೈಲ್ ಸೇವೆ ಬಂದಾಗ ಮೀನುಗಾರರು ದೋಣಿಯಲ್ಲಿದ್ದಂತೆಯೇ ಯಾವ ದಡದಲ್ಲಿ ಬೆಲೆ ಹೇಗಿದೆ ಎಂದು ತಿಳಿದುಕೊಳ್ಳತೊಡಗಿದರು. ಮಾರಾಟವಾಗದ ಮೀನನ್ನು ಚೆಲ್ಲುವುದು ಹೆಚ್ಚುಕಡಿಮೆ ನಿಂತಿತು. ಮೀನುಗಾರನ ಲಾಭ ಹೆಚ್ಚಿತು, ಕೊಳ್ಳುವವನ ಬೆಲೆ ಇಳಿಯಿತು. ಯಾರೂ ಹೆಚ್ಚು ಮೀನು ಸೃಷ್ಟಿಸಲಿಲ್ಲ, ಮಾಹಿತಿ ಸಕಾಲಕ್ಕೆ ತಲುಪಿತು, ಅಷ್ಟೇ. ವಿಮಾನ ಕಂಪನಿಗಳ ಖರ್ಚಿನಲ್ಲಿ ಅತಿ ದೊಡ್ಡ ಬಾಬ್ತು ಇಂಧನ. ಗಮ್ಯದ ಸ್ಥಿತಿ ತಿಳಿಯದ ಡಿಸ್ಪ್ಯಾಚರ್ ಒಂದೋ ಅಗತ್ಯಕ್ಕಿಂತ ಹೆಚ್ಚು ಇಂಧನ ಹೊರಿಸುತ್ತಾನೆ, ಆ ಭಾರ ಹೊರಲು ಮತ್ತಷ್ಟು ಇಂಧನ ಸುಡುತ್ತದೆ. ಇಲ್ಲವೇ ಕಡಿಮೆ ಹೊರಿಸಿ, ಬೆಂಗಳೂರಿಗೆ ಬರಬೇಕಾದ ವಿಮಾನ ಚೆನ್ನೈಗೋ ಹೈದರಾಬಾದ್‌ಗೋ ತಿರುಗುತ್ತದೆ. ಎರಡರ ಬೆಲೆಯನ್ನೂ ಟಿಕೆಟ್ ಕೊಂಡವನೇ ತೆರುವುದು.

ಭದ್ರತೆಯ ಆಕ್ಷೇಪ ಹಗುರವಾದುದಲ್ಲ. 2008ರ ನವೆಂಬರ್ 26ರ ಮುಂಬೈ ದಾಳಿಯ ವೇಳೆ ಟಿವಿಯ ನೇರಪ್ರಸಾರ ಯಾರಿಗೆ ನೆರವಾಯಿತು ಎಂಬುದನ್ನು ದೇಶ ಮರೆತಿಲ್ಲ. ನಮ್ಮ ಅನೇಕ ನಾಗರಿಕ ನಿಲ್ದಾಣಗಳು ಸೇನಾ ನೆಲೆಗಳಲ್ಲೇ ಇವೆ, ಅವನ್ನು ಹೊರಗಿಡಲೇಬೇಕು. ಉಳಿದೆಡೆಯ ಮಾತು ಬೇರೆ. ಕೆಡುಕು ಬಗೆಯುವವನಿಗೆ ಸಣ್ಣದೊಂದು ರಿಸೀವರ್ ಸಾಕು, ಅವನು ಪರವಾನಗಿಗಾಗಿ ಅರ್ಜಿ ಹಾಕುವುದಿಲ್ಲ. ನಿಷೇಧ ತಡೆಯುವುದು ಕಾನೂನು ಪಾಲಿಸುವ ಡಿಸ್ಪ್ಯಾಚರ್‌ನನ್ನು ಮಾತ್ರ. ಮೇಲಾಗಿ ಫ್ಲೈಟ್‌ರಾಡಾರ್24ರಂಥ ಸೇವೆಗಳಲ್ಲಿ ಬೆಂಗಳೂರಿನ ಮೇಲೆ ಹಾರುವ ವಿಮಾನದ ಎತ್ತರ, ವೇಗ, ದಿಕ್ಕು ಯಾರ ಮೊಬೈಲಿನಲ್ಲಾದರೂ ಕಾಣುತ್ತದೆ. ವಿಮಾನವನ್ನು ತೋರಿಸಿ ಅದರ ಮಾತನ್ನು ಮುಚ್ಚಿಡುವುದರ ತರ್ಕ ನನಗೆ ತಿಳಿಯದು.

ಮಾತು ಮುಕ್ತವಾದರೆ ಅಪಘಾತವಾದ ಕ್ಷಣದಿಂದ ಚಾನೆಲ್‌ಗಳು ನಿಯಂತ್ರಕರ ವಿಚಾರಣೆ ಆರಂಭಿಸುತ್ತವೆ ಎಂಬ ಅಂಜಿಕೆಯೂ ಇದೆ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಪ್ರಯಾಣಿಕ ವಿಮಾನ ಮತ್ತು ಸೇನಾ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತಾಗ ಗೋಪುರದ ಧ್ವನಿ ಕೆಲವೇ ಗಂಟೆಗಳಲ್ಲಿ ಜಗತ್ತಿನೆಲ್ಲೆಡೆ ಹರಡಿದ್ದು ನಿಜ. ಆದರೆ 2024ರ ಜನವರಿ 2ರಂದು ಟೋಕಿಯೊದ ಹನೆಡಾದಲ್ಲಿ ರನ್‌ವೇ ಮೇಲೆ ಡಿಕ್ಕಿ ಸಂಭವಿಸಿದಾಗ ಜಪಾನಿನ ಸಾರಿಗೆ ಸಚಿವಾಲಯ ಮರುದಿನವೇ ಸಂಭಾಷಣೆಯ ಪಠ್ಯವನ್ನು ತಾನೇ ಬಿಡುಗಡೆ ಮಾಡಿತು. ಗಾಳಿಸುದ್ದಿಗೆ ಅವಕಾಶ ಎಲ್ಲಿ ಕಡಿಮೆಯಾಯಿತು ಎಂಬುದನ್ನು ಓದುಗರು ಊಹಿಸಬಹುದು.

ಆದ್ದರಿಂದ ಹವ್ಯಾಸಿಗಳಿಗೆ ಎಲ್ಲವನ್ನೂ ತೆರೆದುಬಿಡಿ ಎಂದು ನಾನು ವಾದಿಸುತ್ತಿಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವೇ ಬೆಂಗಳೂರಿನಂಥ ಒಂದೆರಡು ನಾಗರಿಕ ನಿಲ್ದಾಣಗಳ ಗೋಪುರ ಮತ್ತು ಅಪ್ರೋಚ್ ಧ್ವನಿಯನ್ನು ಮಾನ್ಯತೆ ಪಡೆದ ಡಿಸ್ಪ್ಯಾಚ್ ಕೇಂದ್ರಗಳಿಗೆ ಸುರಕ್ಷಿತ ಮಾರ್ಗದಲ್ಲಿ ನೀಡಲಿ. ಯಾರು ಯಾವಾಗ ಕೇಳಿದರು ಎಂಬ ದಾಖಲೆ ಇರಲಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಕೇಳುವ ಮುನ್ನವೇ ಮಾಹಿತಿ ಕೊಡಿ ಎನ್ನುತ್ತದೆ. ಕೇಳಿದವರಿಗಾದರೂ ಕೊಡುವುದರಿಂದ ಆರಂಭಿಸಬಹುದು. ಎರಡು ವರ್ಷ ನಡೆಸಿ, ಎಷ್ಟು ಮಾರ್ಗಬದಲಾವಣೆ ತಪ್ಪಿತು, ಎಷ್ಟು ಇಂಧನ ಉಳಿಯಿತು ಎಂದು ಲೆಕ್ಕ ಹಾಕಲಿ.

ಇದು ಮಹಾನಗರದವರ ಚಿಂತೆ ಮಾತ್ರವಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿರುವ ವಿದ್ಯಾನಗರ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಹೈದರಾಬಾದಿನಿಂದ ಎಟಿಆರ್ ವಿಮಾನ ಬರತೊಡಗಿದಾಗ ಹಂಪಿಗೆ ಆಕಾಶದ ದಾರಿ ತೆರೆಯಿತೆಂದು ಸಂಭ್ರಮಿಸಿದವರು ನಾವು. ಸಣ್ಣ ನಿಲ್ದಾಣಗಳಿಗೆ ಓಡಾಡುವ ಸಣ್ಣ ವಿಮಾನಗಳು ದಿನವಿಡೀ ಒಂದರ ನಂತರ ಒಂದು ಊರು ಸುತ್ತುತ್ತವೆ. ದೊಡ್ಡ ನಿಲ್ದಾಣದಲ್ಲಿ ಬೆಳಿಗ್ಗೆ ಆದ ಅರ್ಧ ಗಂಟೆಯ ವಿಳಂಬ ಸಂಜೆಯ ಹೊತ್ತಿಗೆ ಇಂಥ ಊರಿನಲ್ಲಿ ಹಾರಾಟ ರದ್ದಾಗುವಷ್ಟು ಬೆಳೆದಿರುತ್ತದೆ. ಒಂದು ಸಣ್ಣ ನಿಲ್ದಾಣದಲ್ಲಿ ನಾನೂ ಒಮ್ಮೆ ಮೂರು ಗಂಟೆ ಕುಳಿತಿದ್ದೆ. ವಿಮಾನ ಎಲ್ಲಿದೆಯೆಂದು ಕೇಳಿದರೆ ಕೌಂಟರಿನ ಹುಡುಗಿ ತನ್ನ ಮೊಬೈಲ್ ತೆಗೆದು ಎಲ್ಲರೂ ನೋಡುವ ಅದೇ ಭೂಪಟವನ್ನು ತೋರಿಸಿದಳು. ಅದಕ್ಕಿಂತ ಹೆಚ್ಚಿನದು ಅವಳಿಗೂ ಗೊತ್ತಿರಲಿಲ್ಲ, ಅವಳ ಮೇಲಧಿಕಾರಿಗೂ ಗೊತ್ತಿರಲಿಲ್ಲ.