ಯಂತ್ರದ ಕೀರ್ದಿ ತುಂಬಿ ಬಂದಾಗ



ಅಂಗಡಿಯ ಬಿಲ್ಲು, ಜಿಎಸ್‌ಟಿ ಕಾಗದ, ಆಸ್ತಿಪತ್ರದ ಸ್ಕ್ಯಾನು, ಮದುವೆಯ ಫೋಟೋ, ಇವನ್ನೆಲ್ಲ ಮನೆಯಲ್ಲೇ ಒಂದು ಚಿಕ್ಕ ಸರ್ವರ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ರೂಢಿ ಈಚೆಗೆ ನಮ್ಮ ವ್ಯಾಪಾರಿ ಮನೆತನಗಳಲ್ಲಿ ಬೆಳೆಯುತ್ತಿದೆ. ಮಗನೋ ಅಳಿಯನೋ ಪುಣೆಯಿಂದ ಬಂದು ಎರಡು ದಿನ ಕುಳಿತು ಅದನ್ನು ಜೋಡಿಸಿಕೊಟ್ಟು ಹೋಗುತ್ತಾನೆ. ಆಮೇಲೆ ಅದರೊಡನೆ ಬಾಳ್ವೆ ಮಾಡುವವರು ಮನೆಯ ಹಿರಿಯರು. ಹೀಗಿರುವಾಗ ಒಂದು ಬೆಳಿಗ್ಗೆ ಪರದೆಯ ಮೇಲೆ 'ಲಾಗ್ ಶೇಕಡಾ 100' ಎಂದು ಕೆಂಪಗೆ ಕಾಣುತ್ತದೆ. ಈ ವಿಷಯವಾಗಿ ನಮಗೆ ಬಂದ ಪತ್ರಗಳು ಒಂದೆರಡಲ್ಲ. ಆದಕಾರಣ ಈ ತಿಂಗಳ ಅಂಕಣ ಇದಕ್ಕೇ ಮೀಸಲು.

ಲಾಗ್ ಎಂದರೇನು ಎಂಬುದನ್ನು ವ್ಯಾಪಾರಿಗಳಿಗೆ ತಿಳಿಸುವುದು ಕಷ್ಟವಲ್ಲ. ಅದು ಯಂತ್ರದ ಕೀರ್ದಿ. ಯಾವ ಡಿಸ್ಕು ಎದ್ದಿತು, ಯಾರು ಒಳಗೆ ಬಂದರು, ಏನು ಕೆಟ್ಟಿತು ಎಂಬುದನ್ನು ತಾಸು ನಿಮಿಷ ಸಹಿತ ಬಂದ ಕ್ರಮದಲ್ಲೇ ಬರೆಯುತ್ತ ಹೋಗುತ್ತದೆ. ಖತಾವಣಿ ಹಾಕುವ ಕೆಲಸ ನಮ್ಮದು. 1980ರ ದಶಕದಲ್ಲಿ ಎರಿಕ್ ಆಲ್ಮನ್ ಎಂಬವರು ಅಮೆರಿಕದ ಬರ್ಕ್ಲಿಯಲ್ಲಿ ತಮ್ಮ 'ಸೆಂಡ್‌ಮೇಲ್' ಎಂಬ ಟಪಾಲು ಕಾರ್ಯಕ್ರಮಕ್ಕೆಂದು ಮಾಡಿದ 'ಸಿಸ್‌ಲಾಗ್' ಪದ್ಧತಿಯೇ ಇಂದಿಗೂ ಬಹುಪಾಲು ಇಂಥ ಪೆಟ್ಟಿಗೆಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಪ್ರತಿ ಸಾಲಿಗೂ 0ಯಿಂದ 7ರವರೆಗೆ ಒಂದು ದರ್ಜೆ ಉಂಟು. 0 ಎಂದರೆ ಮನೆಗೆ ಬೆಂಕಿ ಬಿದ್ದಂತೆ. 7 ಎಂದರೆ ಯಂತ್ರ ತನ್ನಷ್ಟಕ್ಕೆ ಗೊಣಗಿಕೊಂಡಂತೆ.

ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು 'ಅನ್‌ರೈಡ್' ಎಂಬ ವ್ಯವಸ್ಥೆಯ ಕುರಿತಾಗಿವೆ. ಇದು ಸಾಮಾನ್ಯವಾಗಿ ಒಂದು ಪೆನ್‌ಡ್ರೈವಿನಿಂದ ಎದ್ದು, ಆಮೇಲೆ ಪೂರ್ತಿ ರ‍್ಯಾಮಿನಲ್ಲೇ ಓಡುತ್ತದೆ. ಲಾಗ್ ಬರೆಯಲು ಅದೇ ರ‍್ಯಾಮಿನಲ್ಲಿ 128 ಎಂಬಿ ಜಾಗವನ್ನು ತೆಗೆದಿಟ್ಟಿರುತ್ತದೆ. ಡಿಸ್ಕುಗಳು ಎಷ್ಟೇ ದೊಡ್ಡವಿದ್ದರೂ ಕೀರ್ದಿಯ ವಹಿ ಇಷ್ಟೇ. ಆರೋಗ್ಯವಾಗಿರುವ ಯಂತ್ರದಲ್ಲಿ ಇದು ತಿಂಗಳುಗಟ್ಟಲೆ ಸಾಕಾಗುತ್ತದೆ. ವಾರದೊಳಗೆ ತುಂಬಿತೆಂದರೆ ಯಾವುದೋ ಒಂದೇ ಸಾಲನ್ನು ಸಾವಿರಾರು ಸಲ ಬರೆಯುತ್ತಿದೆ ಎಂದೇ ತಿಳಿಯಬೇಕು. ದಿನವೂ ಅದೇ ಗಿರಾಕಿ ಅದೇ ತಕರಾರು ಬರೆಸಿ ಹೋಗುತ್ತಿದ್ದರೆ, ಮುನೀಮರು ದೊಡ್ಡ ವಹಿ ತರಿಸುವ ಮೊದಲು ಆ ತಕರಾರು ಏನೆಂದು ಓದುತ್ತಾರಲ್ಲವೇ?

ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಪೆಟ್ಟಿಗೆಯನ್ನು ಬಂದ್ ಮಾಡಿ ಮತ್ತೆ ಹಚ್ಚುತ್ತಾರೆ. ಶೇಕಡಾ 100 ಹೋಗಿ ಶೇಕಡಾ 1 ಆಗುತ್ತದೆ; ಸಮಾಧಾನ. ಆದರೆ ಲಾಗ್ ಇದ್ದದ್ದು ರ‍್ಯಾಮಿನಲ್ಲಿ. ವಿದ್ಯುತ್ ಹೋದೊಡನೆ ಬರೆದಿದ್ದೆಲ್ಲ ಅಳಿಸಿಹೋಯಿತು. ಅಕ್ಕಲಕೋಟೆಯ ಒಂದು ಅಡತಿ ಅಂಗಡಿಯ ಮನೆಯವರು ಹೀಗೆ ಮೂರು ವಾರ, ಪ್ರತಿ ರವಿವಾರ ತಪ್ಪದೆ ಮಾಡಿದರು. ನಾಲ್ಕನೆಯ ವಾರ ಒಂದು ಡಿಸ್ಕಿನ ಮುಂದೆ ಕೆಂಪು ಗುರುತು ಬಿದ್ದಿತು. ಹೊಸ ಡಿಸ್ಕು ತರಿಸಿ ಅದೇ ಜಾಗದಲ್ಲಿ, ಅದೇ ಕೇಬಲ್ಲಿಗೆ ಕೂರಿಸಿದರು. ಮರಳಿ ಕಟ್ಟುವ ಕೆಲಸ ಅರ್ಧಕ್ಕೆ ಬಂದಾಗ ಅದಕ್ಕೂ ಕೆಂಪು ಗುರುತು! ಹಳೆಯ ಡಿಸ್ಕು ಕೆಟ್ಟಿರಲೇ ಇಲ್ಲ. ಕೆಟ್ಟಿದ್ದು ಸಾಟಾ ಕೇಬಲ್ಲು. ಲಾಗಿನಲ್ಲಿ ಮೂರು ವಾರ ಅದನ್ನೇ ಬರೆಯುತ್ತಿತ್ತು, ಓದಿದವರಿರಲಿಲ್ಲ.

ಹಳೆಯ ಡಿಸ್ಕನ್ನು ಗುಜರಿಗೆ ಹಾಕದೆ ಕಪಾಟಿನಲ್ಲಿಟ್ಟಿದ್ದು ಆ ಮನೆಯ ಹಿರಿಯರ ದೊಡ್ಡ ಉಪಕಾರ. ಅದರಲ್ಲಿ ಐದು ವರ್ಷದ ಬಿಲ್ಲುಗಳಿದ್ದವು. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕಡೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಯಂತ್ರ ಕೆಟ್ಟಿತೆಂಬ ಉತ್ತರವನ್ನು ನೋಟೀಸಿಗೆ ಕೊಡಲಾಗದು.

ಹಾಗಾದರೆ ಕ್ರಮ ಯಾವುದು? ಮೊದಲು ಬಂದ್ ಮಾಡದೆ, 'ಟೂಲ್ಸ್' ಪುಟದ 'ಡಯಾಗ್ನೋಸ್ಟಿಕ್ಸ್' ಒತ್ತಿ ಆ ಕಡತವನ್ನು ಬೇರೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಲಾಗ್ ಅದರೊಳಗಿರುತ್ತದೆ. ಮಗ ಪುಣೆಯಲ್ಲಿದ್ದರೆ ಅದನ್ನೇ ಕಳಿಸಿದರಾಯಿತು. ತಾವೇ ನೋಡುವುದಿದ್ದರೆ ಟರ್ಮಿನಲ್‌ನಲ್ಲಿ 'ಡಿಎಫ್' ಎಂಬ ಆಜ್ಞೆ ಎಷ್ಟು ತುಂಬಿದೆ ಎಂದು ಹೇಳುತ್ತದೆ. 'ಡಿಯು' ಯಾವ ಕಡತ ಉಬ್ಬಿದೆ ಎಂದು ತೋರಿಸುತ್ತದೆ. 'ಟೇಲ್' ಕೊನೆಯ ಸಾಲುಗಳನ್ನು ಓದಿಸುತ್ತದೆ. ಮತ್ತೆ ಮತ್ತೆ ಬರುವ ಸಾಲು ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

'ಎಟಿಎ' ಎಂಬ ಅಕ್ಷರಗಳೊಡನೆ 'ಲಿಂಕ್ ರೀಸೆಟ್' ಎಂದು ಬರುತ್ತಿದ್ದರೆ ಆ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ 199ನೆಯ ಸಾಲನ್ನು ನೋಡಿ. ಅಲ್ಲಿಯ ಅಂಕಿ ದಿನದಿನಕ್ಕೆ ಏರುತ್ತಿದ್ದರೆ ಸಂಶಯ ಕೇಬಲ್ಲಿನ ಮೇಲೆ. ಬದಲಿಸಿದ ಮೇಲೂ ಹಳೆಯ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಏರದೆ ನಿಂತರೆ ಗುಣವಾಯಿತೆಂದು ಅರ್ಥ. ಕೆಂಪು ಗುರುತು ಬಿದ್ದಿದ್ದರೆ ಮಾತ್ರ ಕೇಬಲ್ ಬದಲಿಸಿದಷ್ಟಕ್ಕೆ ಅದು ಹೋಗದು, ಡಿಸ್ಕನ್ನು ಪ್ಯಾರಿಟಿಯಿಂದ ಮರಳಿ ಕಟ್ಟಬೇಕು. ಆದರೆ 5 ಅಥವಾ 197ನೆಯ ಸಾಲಿನ ಅಂಕಿ ಏರುತ್ತಿದ್ದರೆ ಮಾತು ಬೇರೆ. ಆಗ ಡಿಸ್ಕೇ ಸವೆಯುತ್ತಿದೆ. ಬೇಕಾದ ಕಡತಗಳ ಪ್ರತಿ ತೆಗೆಯದೆ ಮುಂದಿನ ಯಾವ ಪ್ರಯೋಗವೂ ಬೇಡ.

ಇನ್ನು ಕೆಲವು ಕಾರಣಗಳು ತೀರ ಸಾಧಾರಣ. ಸರ್ವರಿನ ಪುಟವನ್ನು ಯಾವುದೋ ಕಂಪ್ಯೂಟರಿನಲ್ಲಿ ವಾರಗಟ್ಟಲೆ ತೆರೆದೇ ಬಿಟ್ಟರೆ 'ಎನ್‌ಜಿನ್‌ಎಕ್ಸ್' ಎಂಬ ಹೆಸರಿನಿಂದ ಸ್ಮರಣೆ ಸಾಲದೆಂಬ ದೂರು ಸುರಿಯತೊಡಗುತ್ತದೆ. ಪುಟ ಮುಚ್ಚಿದರೆ ಎಷ್ಟೋ ಸಲ ಅದೇ ಔಷಧ. 'ಪಿಸಿಐಇ ಬಸ್ ಎರರ್, ಕರೆಕ್ಟೆಡ್' ಎಂದು ಬರುವುದೂ ಉಂಟು. ತಪ್ಪಾಯಿತು, ನಾನೇ ಸರಿಪಡಿಸಿಕೊಂಡೆ ಎಂದು ಯಂತ್ರ ಹೇಳುತ್ತಿರುತ್ತದೆ. ಕಾರ್ಡನ್ನು ತೆಗೆದು ಗಟ್ಟಿಯಾಗಿ ಕೂರಿಸಿ, ಬಯೋಸ್ ನವೀಕರಿಸಿ ನೋಡಬೇಕು. ಆ ಸಂದೇಶವನ್ನೇ ನಿಲ್ಲಿಸಿಬಿಡುವ ಒಂದು ಸೂಚನೆಯೂ ಉಂಟು. ಕಾರಣ ತಿಳಿಯದೆ ಅದನ್ನು ಬಳಸುವುದು ದೂರು ಬರೆದ ಗುಮಾಸ್ತನನ್ನೇ ಕೆಲಸದಿಂದ ಬಿಡಿಸಿದಂತೆ ಎಂದು ನಮ್ಮ ಅಭಿಪ್ರಾಯ.

ನಿಜವಾಗಿ ಹೆದರಬೇಕಾದ ಸಾಲು ಬೇರೆಯೇ ಇದೆ. ಗುರುತಿಲ್ಲದ ವಿಳಾಸಗಳಿಂದ ಪಾಸ್‌ವರ್ಡ್ ತಪ್ಪಾಯಿತು, ತಪ್ಪಾಯಿತು ಎಂದು ರಾತ್ರಿಯಿಡೀ ಬರುತ್ತಿದ್ದರೆ ಹೊರಗಿನವರು ಬಾಗಿಲು ತಟ್ಟುತ್ತಿದ್ದಾರೆ. ಊರಿನಿಂದಾಚೆ ಇದ್ದಾಗಲೂ ಫೋಟೋ ನೋಡಬೇಕೆಂದು ರೌಟರಿನಲ್ಲಿ ಕಿಂಡಿ ತೆರೆದಿಟ್ಟ ಫಲ ಇದು. 2022ರ ಜನವರಿಯಲ್ಲಿ 'ಡೆಡ್‌ಬೋಲ್ಟ್' ಎಂಬ ಸುಲಿಗೆ ಕಾರ್ಯಕ್ರಮ ಇಂಟರ್‌ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ಪೆಟ್ಟಿಗೆಗಳೊಳಗೆ ಹೊಕ್ಕು ಕಡತಗಳಿಗೆ ಬೀಗ ಜಡಿದು, ಒಂದೊಂದಕ್ಕೆ 0.03 ಬಿಟ್‌ಕಾಯಿನ್ ಕೇಳಿತು. 2021ರ ಜೂನ್‌ನಲ್ಲಿ ಡಬ್ಲ್ಯುಡಿ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಕಳ್ಳರು ದೂರದಿಂದಲೇ ಅಳಿಸಿಹಾಕಿದರು. ಆ ಮಾದರಿಗೆ 2015ರಿಂದಲೇ ಹೊಸ ದುರಸ್ತಿ ಬರುತ್ತಿರಲಿಲ್ಲ. ಆದ್ದರಿಂದ ರೌಟರಿನ ಕಿಂಡಿ ಮುಚ್ಚಿಸಿ. ಹೊರಗಿನಿಂದ ಬೇಕೇ ಬೇಕೆಂದರೆ 'ವೈರ್‌ಗಾರ್ಡ್' ಎಂಬ ಖಾಸಗಿ ದಾರಿಯನ್ನು ಹಾಕಿಸಿಕೊಳ್ಳಿ.

ಕಾರಣ ಸಿಕ್ಕ ಮೇಲೆ ವಹಿ ಖಾಲಿ ಮಾಡುವ ಮಾತು. ಲಾಗ್ ಕಡತವನ್ನೇ ಅಳಿಸಬೇಡಿ. ಬರೆಯುವ ಕಾರ್ಯಕ್ರಮ ಅದನ್ನು ಹಿಡಿದೇ ಇರುವುದರಿಂದ ಹೆಸರು ಮಾಯವಾದರೂ ಜಾಗ ಮರಳಿ ಬರುವುದಿಲ್ಲ. 'ಟ್ರಂಕೇಟ್' ಆಜ್ಞೆಯಿಂದ ಒಳಗಿನ ಬರಹವನ್ನು ಮಾತ್ರ ತೆಗೆಯಬೇಕು. ಯಂತ್ರ ತಾನಾಗಿ ನಿಂತುಹೋಗುತ್ತಿದ್ದರೆ 'ಸಿಸ್‌ಲಾಗ್ ಸರ್ವರ್' ಪುಟದಲ್ಲಿ ಲಾಗಿನ ಪ್ರತಿ ಪೆನ್‌ಡ್ರೈವಿಗೂ ಹೋಗುವಂತೆ ಮಾಡಬಹುದು. ಸದಾ ಬರೆದರೆ ಪೆನ್‌ಡ್ರೈವ್ ಸವೆಯುವುದರಿಂದ ರೋಗ ಹಿಡಿಯುವವರೆಗೆ ಇಟ್ಟು ಆಮೇಲೆ ತೆಗೆದುಬಿಡಿ.

ಪ್ಯಾರಿಟಿ ಡಿಸ್ಕು ಇದ್ದಮೇಲೆ ಬೇರೆ ಪ್ರತಿ ಏತಕ್ಕೆ ಎಂದು ಜತ್ತದಿಂದ ಒಬ್ಬ ಸೊಸೆ ಕೇಳಿದ್ದಾರೆ. ಅಳಿಸಿಹೋದ ಕಡತ ಪ್ಯಾರಿಟಿಯಿಂದ ಬರುವುದಿಲ್ಲ ತಾಯಿ. ಉಳಿದದ್ದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.